ತಲೆದೆಸೆಯಲ್ಲಿ ನಿಲ್ಲುವ ಕೆಲಸ

ಗರ್ಭಕೋಶ ತೆಗೆಸಬೇಕೆಂದು ಡಾಕ್ಟರು ಹೇಳಿದ ಮೇಲೂ ನನ್ನ ಅತ್ತೆ ಅದನ್ನು ಮುಂದಕ್ಕೆ ಹಾಕುತ್ತಲೇ ಬಂದರು. ಹೊಗೆಸೊಪ್ಪಿನ ಕೆಲಸ ಮುಗೀಲಿ, ರಾಗಿ ಒಕ್ಕಣೆ ಆಗಲಿ, ಹಬ್ಬ ಕಳೀಲಿ ಎಂದು ಒಂದೊಂದು ಸಲ ಒಂದೊಂದು ನೆಪ. ನಿಜವಾದ ಕಾರಣ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಒಂದು ದಿನ ಹಿತ್ತಿಲಲ್ಲಿ ಅವರೆಕಾಯಿ ಬಿಡಿಸುತ್ತಾ ಹೇಳಿದ್ದರು.

"ಕುಯ್ಯೋದಕ್ಕೆ ಎದರಲ್ಲ ಕಣವ್ವ. ಮತ್ತಿನ ಔಸ್ದಿ ಕೊಡ್ತಾರಲ್ಲ, ಅದಕ್ಕೆ ನಂಗೆ ಭಯ. ಮಲಗಿಸ್ದೋರು ಎಬ್ಬಿಸ್ದೆ ಓದ್ರೆ?"

ಹೊಲದಲ್ಲಿ ಆಳುಗಳನ್ನು ಒಬ್ಬರೇ ಸಂಭಾಳಿಸುವ, ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ದರಕ್ಕೆ ಗಂಡಸರ ಜೊತೆ ನಿಂತು ಮಾತಾಡುವ ಹೆಂಗಸಿನ ಬಾಯಲ್ಲಿ ಆ ಮಾತು ಕೇಳಿ ನನಗೆ ಆಶ್ಚರ್ಯವಾಗಿತ್ತು. ನಾನು ಆ ಮನೆಗೆ ಸೊಸೆಯಾಗಿ ಬಂದು ಆಗಿನ್ನೂ ಬಹಳ ಕಾಲವಾಗಿರಲಿಲ್ಲ. ನನ್ನ ತವರು ಕೆ.ಆರ್. ನಗರದ ಕಡೆ, ನಾಲೆ ನೀರಿನ ಭತ್ತದ ಊರು. ಗಂಡನ ಊರು ಪಿರಿಯಾಪಟ್ಟಣ ತಾಲ್ಲೂಕು, ಕಂಪಲಾಪುರದಿಂದ ಒಳಗೆ. ಪಿಯುಸಿಯಲ್ಲಿ ವಿಜ್ಞಾನ ಓದಿ, ನರ್ಸಿಂಗ್ ಸೇರುವ ಆಸೆ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಮದುವೆ ಗೊತ್ತಾಯಿತು. ಯಾರೂ ಬಲವಂತ ಮಾಡಲಿಲ್ಲ, ಆದರೆ ಓದುತ್ತೀಯಾ ಎಂದೂ ಯಾರೂ ಕೇಳಲಿಲ್ಲ. ನನ್ನ ಅಂಕಪಟ್ಟಿ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮಲಗಿತ್ತು.

ಕೊನೆಗೆ ರಕ್ತಸ್ರಾವ ಹೆಚ್ಚಾಗಿ ನಿಲ್ಲಲಾಗದ ಸ್ಥಿತಿ ಬಂದಾಗ ಅತ್ತೆ ಒಪ್ಪಿದರು. ಮೈಸೂರಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಜೊತೆಗೆ ನಾನೇ ಇದ್ದೆ. ಥಿಯೇಟರಿನ ಬಾಗಿಲ ಬಳಿ ಅವರ ಬಳೆ, ಓಲೆ ಬಿಚ್ಚಿ ನನ್ನ ಕೈಗೆ ಕೊಡುವಾಗ ಬೆರಳುಗಳು ತಣ್ಣಗಿದ್ದವು. ಆಗ ಒಳಗಿನಿಂದ ಹಸಿರು ಟೋಪಿ ತೊಟ್ಟ ಒಬ್ಬ ಹುಡುಗಿ ಬಂದಳು. ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ಅತ್ತೆಯ ಕೈ ಹಿಡಿದು, "ಅಮ್ಮಾ, ನಿಮ್ಮದು ಯಾವೂರು?" ಎಂದಳು. ಅತ್ತೆ ಹೇಳಿದರು. "ಹಂಗಾದ್ರೆ ನಮ್ಮ ಕಡೆಯೋರೇ. ನಮ್ಮದು ಎಚ್.ಡಿ. ಕೋಟೆ, ಕಾಡಂಚಿನ ಊರು. ಬನ್ನಿ, ನಿಮ್ಮ ತಲೆ ಹತ್ರಾನೇ ನಾನು ನಿಂತಿರ್ತೀನಿ. ಎಲ್ಲಿಗೂ ಹೋಗಲ್ಲ."

ಆಪರೇಷನ್ ಚೆನ್ನಾಗಿ ಆಯಿತು. ಮಾರನೆಯ ದಿನ ಬೆಳಿಗ್ಗೆ ವಾರ್ಡಿನಲ್ಲಿ ಗಂಜಿ ಕುಡಿಯುತ್ತಾ ಅತ್ತೆ ಹೇಳಿದ್ದೆಲ್ಲ ಆ ಹುಡುಗಿಯ ವಿಷಯವೇ.

"ಬೆನ್ನಿಗೆ ಸೂಜಿ ಆಕೋವಾಗ 'ನನ್ನ ಮೇಲೆ ಒರಗಿಕೊಳ್ಳಿ ಅಮ್ಮ' ಅಂತ ಎರಡೂ ಭುಜ ತಬ್ಬಿ ಇಡ್ಕಂಡ್ಲು ಕಣವ್ವ. ಆಮೇಲೆ ನಂಗೆ ಎಚ್ಚರಾನೇ ಇತ್ತು. ಸೊಂಟದಿಂದ ಕೆಳಕ್ಕೆ ನಂದು ಅಂತಾನೇ ಇಲ್ಲ. ಅವ್ಳು ತಲೆದೆಸೇಲಿ ನಿಂತ್ಕಂಡು ಕಾಕನಕೋಟೆ ಕಾಡಿನ ಆನೆ ಅವ್ರ ಒಲಕ್ಕೆ ನುಗ್ಗಿದ್ ಕತೆ ಏಳ್ತಾ ಇದ್ಲು. ನಡುನಡುವೆ ಆ ಟಿವಿ ಥರದ್ದನ್ನ ನೋಡೋದು, ಡಾಕ್ಟ್ರಿಗೆ ಏನೋ ಏಳೋದು, ಮತ್ತೆ ನನ್ ಕಡೆ ತಿರುಗಿ ಕತೆ. ಆನೆ ಇನ್ನೂ ಒಲದಲ್ಲೇ ಇತ್ತು, ಆಗ್ಲೇ 'ಮುಗೀತು ಅಮ್ಮ' ಅಂದ್ಬುಟ್ರು!"

ಅವಳು ಮಧ್ಯಾಹ್ನ ವಾರ್ಡಿಗೆ ಬಂದು ನೋಡಿದಾಗ ಅತ್ತೆ ಅವಳನ್ನು ಹಾಸಿಗೆಯ ಪಕ್ಕದಲ್ಲೇ ಕೂರಿಸಿಕೊಂಡರು. "ನೀನು ಏನು ಓದಿದ್ದೀಯ ಮಗಾ? ಡಾಕ್ಟ್ರಾ?"

"ಅಲ್ಲಮ್ಮ. ಮತ್ತು ಕೊಡೋದು ಡಾಕ್ಟ್ರು. ಅವರಿಗೆ ಮೆಷಿನ್ನು, ಟ್ಯೂಬು, ಔಷಧಿ ಎಲ್ಲಾ ಅಣಿ ಮಾಡಿಕೊಟ್ಟು, ಆಪರೇಷನ್ ಮುಗಿಯೋವರೆಗೂ ಜೊತೇಲಿ ನಿಂತು ರೋಗೀನ ನೋಡ್ಕೊಳ್ಳೋದು ನನ್ನ ಕೆಲಸ. ಅನಸ್ತೇಷಿಯಾ ಟೆಕ್ನಿಷಿಯನ್ ಅಂತಾರೆ. ಪಿಯುಸಿ ಸೈನ್ಸ್ ಆದ್ಮೇಲೆ ಡಿಪ್ಲೊಮಾ ಮಾಡ್ದೆ."

ಪಿಯುಸಿ ಸೈನ್ಸ್ ಎಂಬ ಮಾತು ಕೇಳಿದ್ದೇ ಅತ್ತೆ ತಿರುಗಿ ನನ್ನನ್ನು ನೋಡಿದರು. ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದೆ. ಹೊರಡುವ ಮೊದಲು ಅವಳ ಫೋನ್ ನಂಬರನ್ನು ನನ್ನಿಂದಲೇ ಬರೆಸಿಕೊಂಡರು.

ಊರಿಗೆ ಬಂದ ಮೇಲೆ ಎರಡು ವಾರ ಕೆಲಸ ಮಾಡದೆ ವಿಶ್ರಾಂತಿ ತೆಗೆದುಕೊಳ್ಳಬೇಕೆಂದು ಡಾಕ್ಟರು ಹೇಳಿದ್ದರು. ಮಲಗಿದಲ್ಲೇ ಯೋಚನೆ ಮಾಡಿದ್ದಾರೆಂದು ಕಾಣುತ್ತದೆ. ಒಂದು ಸಂಜೆ ನನ್ನ ಗಂಡ ಊಟಕ್ಕೆ ಕೂತಾಗ ನೇರವಾಗಿ ಹೇಳಿಬಿಟ್ಟರು. "ಇವಳನ್ನ ಆ ಉಡುಗಿ ಓದಿದ್ ಓದಿಗೆ ಸೇರಿಸ್ಬೇಕು ಕಣ್ಲಾ."

ನನ್ನ ಕೈಯ ಸೌಟು ಅಲ್ಲೇ ನಿಂತಿತು. ಗಂಡ ನನ್ನನ್ನೂ ತಾಯಿಯನ್ನೂ ನೋಡಿದರು. ಹೆಚ್ಚು ಮಾತಿನವರಲ್ಲ. "ಅವಳನ್ನ ಕೇಳಿದ್ಯಾ?" ಎಂದರು.

"ಈಗ ಕೇಳ್ತಾ ಇವ್ನಿ. ಏನವ್ವ, ಓದ್ತೀಯಾ?"

ಆ ಪ್ರಶ್ನೆಯನ್ನು ನನ್ನ ಜೀವನದಲ್ಲಿ ಮೊದಲು ಕೇಳಿದವರು ಅವರು. ನಾನು ಹೂಂ ಅಂದೆ. ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತು ಅತ್ತುಬಿಟ್ಟೆ.

ಊರಲ್ಲಿ ಮಾತು ಹಬ್ಬಲು ಹೊತ್ತಾಗಲಿಲ್ಲ. ಪಕ್ಕದ ಮನೆಯಾಕೆ ಬಂದು, "ಮಗು ಮಾಡ್ಕೊಳ್ಳೋ ವಯಸ್ಸಲ್ಲಿ ಸೊಸೇನ ಹಾಸ್ಟೆಲ್ಲಿಗೆ ಕಳಿಸ್ತೀಯಂತಲ್ಲ" ಎಂದಾಗ ಅತ್ತೆ ಮಂಚದ ಮೇಲಿಂದಲೇ, "ಮೊಮ್ಮಗ ಬೇಕಾದಾಗ ನಾನು ಕೇಳ್ಕತೀನಿ ಬುಡು. ನೀನು ಕಾಫಿ ಕುಡಿ" ಎಂದು ಲೋಟ ಮುಂದಕ್ಕೆ ತಳ್ಳಿದರು. ಆಕೆ ಕುಡಿದು ಹೋದರು. ಆಮೇಲೆ ಆ ಮಾತು ನಮ್ಮ ಮನೆಯೊಳಗೆ ಬರಲಿಲ್ಲ.

ಆದರೆ ಎಲ್ಲಿ ಓದುವುದು? ಅದು ನಮಗ್ಯಾರಿಗೂ ಗೊತ್ತಿರಲಿಲ್ಲ. ಫೋನಿನಲ್ಲಿ ಹುಡುಕಿದರೆ ಕಾಲೇಜುಗಳ ಜಾಹೀರಾತುಗಳು ಸಾಲುಸಾಲಾಗಿ ಬಂದವು. ಎಲ್ಲವೂ ತಾವೇ ಉತ್ತಮ ಎನ್ನುತ್ತಿದ್ದವು. ಹುಣಸೂರಿನಲ್ಲಿ ಅತ್ತೆಯ ತಂಗಿಯ ಊರಿನವನೊಬ್ಬ ಕಾಲೇಜು ಸೀಟು ಕೊಡಿಸುವ ಆಫೀಸು ಇಟ್ಟಿದ್ದ. ಅತ್ತೆ ಓಡಾಡುವಂತಾದ ಮೇಲೆ ನಾವಿಬ್ಬರೂ ಅಲ್ಲಿಗೆ ಹೋದೆವು. ಬಸ್ ನಿಲ್ದಾಣದ ಬಳಿ ಒಂದು ಅಂಗಡಿಯ ಮೇಲಿನ ಮಹಡಿ. ಅವನು ಎದ್ದು ನಿಂತು ಕುರ್ಚಿ ಎಳೆದುಕೊಟ್ಟ, ಕಾಫಿ ತರಿಸಿದ, ಅತ್ತೆಯನ್ನು ದೊಡ್ಡಮ್ಮ ಎಂದು ಕರೆದ. ಹೊಳೆಯುವ ಪುಸ್ತಿಕೆಗಳನ್ನು ಮೇಜಿನ ಮೇಲೆ ಹರಡಿದ. ಬಿಳಿ ಕೋಟು ತೊಟ್ಟ ಹುಡುಗಿಯರು ನಗುತ್ತಿದ್ದರು.

"ಇದು ನೋಡಿ ದೊಡ್ಡಮ್ಮ. ಫೀಸು ಕಡಿಮೆ, ಕೆಲಸ ಗ್ಯಾರಂಟಿ. ಇವತ್ತು ಅಡ್ವಾನ್ಸ್ ಕೊಟ್ರೆ ಸೀಟು ನಿಮ್ಮದು. ನಾಳೆ ಅಂದ್ರೆ ನಂಗೇ ಗೊತ್ತಿಲ್ಲ."

ಅತ್ತೆಗೆ ಅವನ ಮಾತು ಹಿಡಿಸಿತ್ತು. ಪರಿಚಯದ ಊರು, ಕರೆದ ರೀತಿ, ಕಾಫಿ. ಸೊಂಟದ ಚೀಲಕ್ಕೆ ಕೈ ಹೋಗುವುದನ್ನು ನಾನು ನೋಡಿದೆ. ಅವರೆದುರು ನಾನು ಎಂದೂ ಅಡ್ಡ ಮಾತಾಡಿದವಳಲ್ಲ. ಆದರೂ ಕೇಳಿದೆ. "ಸರ್, ಈ ಕಾಲೇಜಿಗೆ ಆಸ್ಪತ್ರೆ ಇದೆಯಾ?"

"ಆಸ್ಪತ್ರೆಗಳ ಜೊತೆ ಒಪ್ಪಂದ ಇದೆ ಮೇಡಂ."

"ಯಾವ ಆಸ್ಪತ್ರೆ?"

"ಬೇಕಾದಷ್ಟಿವೆ."

ಅತ್ತೆಯ ಕೈ ಚೀಲದ ಮೇಲೆ ನಿಂತಿತು. "ಯಾವ ಆಸ್ಪತ್ರೆ ಅಂತ ಎಸರು ಏಳಪ್ಪ" ಎಂದರು. ಅವನು ಫೋನು ಬಂತೆಂದು ಹೊರಗೆ ಹೋದ. ಮೆಟ್ಟಿಲು ಇಳಿಯುವಾಗ ಅತ್ತೆ ನನ್ನ ಹೆಗಲು ಹಿಡಿದುಕೊಂಡು, "ಒಳ್ಳೇ ಕೆಲಸ ಮಾಡ್ದೆ ಕಣವ್ವ. ಇಲ್ದಿದ್ರೆ ನಾನು ಕೊಟ್ಟೇ ಬುಡ್ತಿದ್ದೆ" ಎಂದರು. ಮೋಸ ಹೋಗಲಿದ್ದೆನೆಂದು ಒಪ್ಪಲು ನಾಚದೆ ಹಾಗೆ ಹೇಳುವ ದೊಡ್ಡವರು ನನಗೆ ಅಷ್ಟಾಗಿ ಸಿಕ್ಕಿಲ್ಲ.

ಆದರೂ ಕಣ್ಣಲ್ಲಿ ನೋಡಿಯೇ ಬಿಡೋಣವೆಂದು ಆ ಪುಸ್ತಿಕೆಯ ಕಾಲೇಜಿಗೆ ಹೋದೆವು. ದೊಡ್ಡ ಊರಿನ ಒಂದು ವಾಣಿಜ್ಯ ಕಟ್ಟಡದ ಮೂರನೇ ಮಹಡಿ. ಕೆಳಗೆ ಟೈಲ್ಸ್ ಅಂಗಡಿ. ಪ್ರಯೋಗಾಲಯ ಎಂದು ತೋರಿಸಿದ ಕೋಣೆಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಬೊಂಬೆ ಮಲಗಿತ್ತು. ಹೊರಗೆ ಮೆಟ್ಟಿಲ ಮೇಲೆ ಕೂತು ಊಟ ಮಾಡುತ್ತಿದ್ದ ಇಬ್ಬರು ಹುಡುಗಿಯರ ಪಕ್ಕದಲ್ಲಿ ಅತ್ತೆ ಹೋಗಿ ಕೂತರು. ಏನು ತಂದಿದ್ದೀರಿ, ಯಾವೂರು ಎಂದು ವಿಚಾರಿಸಿ, ನಿಧಾನವಾಗಿ, "ಆಪರೇಸನ್ ಕೋಣೆ ಒಳಕ್ಕೆ ಬುಡ್ತಾರಾ ನಿಮ್ಮನ್ನ?" ಎಂದರು. ಅವರು ಮುಖ ಮುಖ ನೋಡಿಕೊಂಡರು. "ಬಿಟ್ಟಾಗ ಬಾಗಿಲ ಹತ್ರ ನಿಂತು ನೋಡ್ತೀವಿ ಅಜ್ಜಿ" ಎಂದಳು ಒಬ್ಬಳು. ಪಾಪ, ಒಳ್ಳೆಯ ಹುಡುಗಿಯರು. ಬಸ್ಸಿನಲ್ಲಿ ಅತ್ತೆ "ಬಾಗಲಲ್ಲಿ ನಿಂತು ನೋಡ್ದೋಳು ನಾಳೆ ನನ್ನಂಥೋಳ ತಲೆದೆಸೇಲಿ ಎಂಗವ್ವ ನಿಂತ್ಕತಾಳೆ?" ಎಂದರು.

ಆಮೇಲೆ ಹೋದದ್ದು ಸ್ವಂತ ಆಸ್ಪತ್ರೆಯಿದ್ದ ಒಂದು ಖಾಸಗಿ ಕಾಲೇಜಿಗೆ. ಅದು ನಿಜಕ್ಕೂ ಚೆನ್ನಾಗಿತ್ತು. ಹೊಸ ಯಂತ್ರಗಳು, ಶುಭ್ರವಾದ ಹಾಸ್ಟೆಲ್ಲು, ಸಮಾಧಾನವಾಗಿ ಉತ್ತರ ಕೊಡುವ ಆಫೀಸಿನವರು. ನಾನು ಮುಂದಿನ ಹುಲ್ಲುಹಾಸು ನೋಡಿಯೇ ಮರುಳಾದೆ. ಫೀಸು ಕೇಳಿದಾಗ ಅತ್ತೆ ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲ. ಗೇಟಿನ ಹೊರಗೆ ಬಂದ ಮೇಲೆ ಹೇಳಿದರು. "ಒಳ್ಳೇ ಜಾಗವೇ. ಕೊಡೋರು ಕೊಡ್ಲಿ. ನಾವು ಇನ್ನೂ ಒಸಿ ಹುಡುಕವ."

ಮನೆಗೆ ಬಂದ ಮೇಲೆ ಗಂಡ, ಎರಡು ಎಕರೆ ಶುಂಠಿಗೆ ಗುತ್ತಿಗೆ ಕೊಟ್ಟರೆ ಆ ಫೀಸು ಹೊಂದಿಸಬಹುದು ಎಂದರು. ನಮ್ಮ ಕಡೆ ಕೇರಳದವರು ಬಂದು ಶುಂಠಿ ಬೆಳೆಯುತ್ತಾರಲ್ಲ, ಅವರಿಗೆ. ಅತ್ತೆ ಒಪ್ಪಲಿಲ್ಲ. ನನಗೂ ಮನಸ್ಸಿರಲಿಲ್ಲ. "ಅಷ್ಟು ದುಡ್ಡು ಸುರಿದ್ರೆ ಇವಳು ಎದರಿಕೊಂಡು ಓದ್ತಾಳೆ. ಎದರಿಕೊಂಡು ಕಲಿಯೋ ಕೆಲಸ ಅಲ್ಲ ಅದು" ಎಂದರು ಅತ್ತೆ. ಆಮೇಲೆ, "ಆ ಕೋಟೆ ಉಡುಗೀಗೆ ಫೋನ್ ಮಾಡು" ಎಂದರು.

ಅವಳಿಗೆ ನಮ್ಮ ನೆನಪಿತ್ತು. ಭಾನುವಾರ ಊರಿಗೆ ಹೋಗುತ್ತೇನೆ, ಅಲ್ಲಿಗೇ ಬನ್ನಿ ಎಂದಳು. ಹುಣಸೂರಿಗೆ ಬಂದು ಎಚ್.ಡಿ. ಕೋಟೆಯ ಬಸ್ಸು ಹಿಡಿದು, ಅಲ್ಲಿಂದ ಅಂತರಸಂತೆಯ ಕಡೆ ಹೋಗುವ ಇನ್ನೊಂದು ಬಸ್ಸು. ಚಿಕ್ಕ ಮನೆ. ಅವಳ ತಾಯಿ ಕೂಲಿಗೆ ಹೋಗುವವರು, ಅಂದು ನಮಗಾಗಿ ಮನೆಯಲ್ಲೇ ಉಳಿದು ಹುರುಳಿಕಾಳಿನ ಸಾರು ಮಾಡಿದ್ದರು. ಗೋಡೆಯ ಮೇಲೆ ಮಗಳು ಹಸಿರು ಟೋಪಿಯಲ್ಲಿ ತೆಗೆಸಿಕೊಂಡ ಫೋಟೋ ಒಂದಿತ್ತು. ಅದಕ್ಕೆ ಹೂ ಮುಡಿಸಿದ್ದರು. ಅತ್ತೆ ಅದನ್ನು ನೋಡಿ, "ಬದುಕಿರೋರ ಫೋಟೋಗೆ ಊವ ಮುಡಿಸ್ಬಾರ್ದು ಕಣವ್ವ" ಎಂದು ಗದರಿ ತಾವೇ ತೆಗೆದರು. ಆ ತಾಯಿ ನಾಚಿಕೊಂಡು ನಕ್ಕರು. ಅಲ್ಲಿಂದ ಇಬ್ಬರೂ ಒಂದೇ ಬಳಗದವರ ಹಾಗೆ ಮಾತಿಗೆ ಕೂತರು.

ಹುಡುಗಿ ನನಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ತಾನು ಓದಿದ್ದು ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ, ಡಿಪ್ಲೊಮಾ. ಅಂಕದ ಮೇಲೆ ಸೀಟು ಕೊಡುತ್ತಾರೆ, ಫೀಸು ನಮ್ಮಂಥವರು ಕಟ್ಟುವಷ್ಟೇ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಡಿಗ್ರಿಯೂ ಇದೆ, ಅದಕ್ಕೆ ವರ್ಷ ಹೆಚ್ಚು. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ ಆಮೇಲೆ ಡಿಗ್ರಿಗೆ ಹೋದವರೂ ಇದ್ದಾರೆ.

"ಕಟ್ಟಡ ನೋಡಬೇಡಿ. ಅಲ್ಲಿ ಗೋಡೆ ಸುಣ್ಣ ಉದುರಿರುತ್ತೆ. ಆದ್ರೆ ಬೆಳಿಗ್ಗೆ ಥಿಯೇಟರಿಗೆ ಹೋದ್ರೆ ಒಂದಾದ್ಮೇಲೊಂದು ಕೇಸು. ಮೂಳೆ, ಹೆರಿಗೆ, ಮಕ್ಕಳದ್ದು, ಆಕ್ಸಿಡೆಂಟ್ ಆದವರದ್ದು, ಎಲ್ಲಾ. ನಾನು ಅಲ್ಲಿ ಕೈಯಲ್ಲಿ ಮುಟ್ಟಿ ಕಲ್ತೆ. ಎಲ್ಲೇ ಸೇರಿದ್ರೂ ಆ ಕಾಲೇಜಿಗೆ ಸರ್ಕಾರದ ಬೋರ್ಡಿನ ಮಾನ್ಯತೆ ಇದೆಯಾ ಅಂತ ಮಾತ್ರ ಮೊದಲು ನೋಡ್ಕೊಳಿ. ಇಲ್ದಿದ್ರೆ ಓದಿದ್ದು ಯಾರಿಗೂ ಲೆಕ್ಕಕ್ಕಿಲ್ಲ."

ರಜೆಯ ಒಂದು ದಿನವನ್ನು ಪೂರ್ತಿಯಾಗಿ, ಹೆಚ್ಚು ಪರಿಚಯವಿಲ್ಲದ ನಮಗಾಗಿ ಕೊಟ್ಟವಳು ಅವಳು. ಬಸ್ಸು ಹತ್ತಿಸುವಾಗಲೂ ಕಿಟಕಿಯ ಬಳಿ ನಿಂತು, "ಇಂಗ್ಲಿಷಿಗೆ ಹೆದರಬೇಡಿ, ಮೊದಲ ಮೂರು ತಿಂಗಳು ಕಷ್ಟ ಆಗುತ್ತೆ, ಆಮೇಲೆ ಬರುತ್ತೆ" ಎಂದಳು. ಅವಳ ಮುಖದಲ್ಲಿ ದೊಡ್ಡಸ್ತಿಕೆಯ ಒಂದು ಗೆರೆಯೂ ಇರಲಿಲ್ಲ.

ಅವಳು ಓದಿದ್ದ ಪಕ್ಕದ ಜಿಲ್ಲೆಯ ಸರ್ಕಾರಿ ಮೆಡಿಕಲ್ ಕಾಲೇಜಿಗೆ ನಾವು ಹೋದದ್ದು ಅದರ ಮುಂದಿನ ವಾರ. ಅವಳು ಹೇಳಿದಂತೆ ಸುಣ್ಣ ಉದುರಿತ್ತು. ಹೊರರೋಗಿಗಳ ಸಾಲು ಬಾಗಿಲು ದಾಟಿ ಮರದ ಕೆಳಗಿನವರೆಗೆ ಇತ್ತು. ಆಫೀಸಿನಲ್ಲಿ ವಯಸ್ಸಿನ ತೊಂದರೆಯಿಲ್ಲ, ಅರ್ಜಿ ಹಾಕಬಹುದು ಎಂದರು. ಅಷ್ಟಕ್ಕೆ ನನಗೆ ಸಮಾಧಾನವಾಗಿತ್ತು. ಅತ್ತೆಗೆ ಸಾಲದು. ಥಿಯೇಟರ್ ಎಲ್ಲಿದೆಯೆಂದು ಕೇಳಿಕೊಂಡು ಅದರ ಮುಂದಿನ ಬೆಂಚಿನಲ್ಲಿ ಹೋಗಿ ಕೂತರು. ನಾನು ಬೇಡವೆಂದರೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ನರೆಗೂದಲ ಒಬ್ಬ ವೈದ್ಯೆ ಮುಖಗವಸು ಕೆಳಗಿಳಿಸುತ್ತಾ ಬಂದರು. ಅವರೇ ಅನಸ್ತೇಷಿಯಾ ವಿಭಾಗದ ಮುಖ್ಯಸ್ಥರೆಂದು ನಮಗೆ ಆಗ ಗೊತ್ತಿರಲಿಲ್ಲ. ಅತ್ತೆ ಎದ್ದು ಕೈಮುಗಿದರು.

"ಅಮ್ಮೋರೆ, ನನ್ ಸೊಸೆ ಇಲ್ಲಿ ಮತ್ತು ಕೊಡೋರ ಜೊತೆ ನಿಂತ್ಕಳೋ ಕೆಲಸ ಕಲೀಬೇಕು ಅಂತವ್ಳೆ. ಇಲ್ಲಿ ಓದೋ ಮಕ್ಕಳನ್ನ ಒಳಕ್ಕೆ ಬುಡ್ತೀರಾ, ಬಾಗಲಲ್ಲೇ ನಿಲ್ಲುಸ್ತೀರಾ?"

ನಾನು ನೆಲ ನೋಡಿದೆ. ಅವರು ನಕ್ಕುಬಿಟ್ಟರು. ದಣಿದ ಮುಖದಲ್ಲಿ ಆ ನಗು ಬಹಳ ಚೆನ್ನಾಗಿತ್ತು. "ಬಾಗಿಲಲ್ಲಿ ನಿಲ್ಲೋಕೆ ಇಲ್ಲಿ ಪುರುಸೊತ್ತೆಲ್ಲಿದೆ ಅಮ್ಮ? ನಮ್ಮ ಯಂತ್ರಗಳು ಹೊಸದೇನಲ್ಲ. ಆದ್ರೆ ಕೆಲಸಕ್ಕೆ ಬರ ಇಲ್ಲ. ಕಲಿಯೋ ಮನಸ್ಸಿದ್ರೆ ಕೈ ಹಿಡಿದು ಕಲಿಸ್ತೀನಿ." ನನ್ನ ಕಡೆ ತಿರುಗಿ, "ಯಾಕೆ ಈ ಕೋರ್ಸು?" ಎಂದರು.

ತಯಾರಿಸಿಕೊಂಡು ಹೋದ ಉತ್ತರವೆಲ್ಲ ಮರೆತಿತ್ತು. "ನಮ್ಮ ಅತ್ತೆಗೆ ಮತ್ತು ಅಂದ್ರೆ ಭಯ ಇತ್ತು ಮೇಡಂ. ಒಬ್ಬರು ಜೊತೇಲಿ ನಿಂತು ಅದನ್ನ ಹೋಗಲಾಡಿಸಿದ್ರು. ನನಗೂ ಆ ಕೆಲಸ ಬೇಕು" ಎಂದೆ. ಅವರು ಒಂದು ಕ್ಷಣ ನೋಡಿ, "ಅರ್ಜಿ ಹಾಕಿ" ಎಂದು ನಡೆದರು.

ಮೊದಲ ಸುತ್ತಿನಲ್ಲಿ ನನಗೆ ಸೀಟು ಬರಲಿಲ್ಲ. ಅಂಕ ಸ್ವಲ್ಪದರಲ್ಲಿ ಕಡಿಮೆಯಾಗಿತ್ತು. ಆಗ ಹೊಗೆಸೊಪ್ಪು ಕೊಯ್ಲಿನ ಕಾಲ. ಎಲ್ಲರೂ ಚಪ್ಪರದ ಕೆಳಗೆ ಕೂತು ಎಲೆಗಳನ್ನು ಕಡ್ಡಿಗೆ ಕಟ್ಟಿ ಕಾವಿನಲ್ಲಿ ಒಣಗಿಸಿ ಬೇಯಿಸುವ ಬ್ಯಾರನ್ ಮನೆಗೆ ಏರಿಸುತ್ತಿದ್ದೆವು. ಸೊಪ್ಪಿನ ಅಂಟು ಕೈಗೆ ಹಿಡಿದು ಕಪ್ಪಾಗಿತ್ತು. ಇನ್ನು ಇದೇ ನನ್ನ ಪಾಲು ಅಂದುಕೊಂಡು ಕಟ್ಟುತ್ತಿದ್ದೆ. ಅತ್ತೆಗೆ ಭಾರ ಎತ್ತಬಾರದೆಂದು ಹೇಳಿದ್ದರೂ ಅವರು ನನ್ನ ಪಕ್ಕದಲ್ಲಿ ಕೂತು ಕಟ್ಟುತ್ತಿದ್ದರು. ಮುಂದಿನ ವರ್ಷ ಮತ್ತೆ ಹಾಕೋಣ, ಅಲ್ಲಿಯವರೆಗೆ ಆ ಹುಡುಗಿಯ ಹಳೇ ಪುಸ್ತಕ ತಂದು ಓದು ಎಂದಷ್ಟೇ ಹೇಳಿದ್ದರು.

ಫೋನು ಬಂದಾಗ ನನ್ನ ಕೈ ಅಂಟಾಗಿತ್ತು. ಅತ್ತೆಯೇ ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನನ್ನು ನನ್ನ ಕಿವಿಗೆ ಹಿಡಿದರು. ಕಾಲೇಜಿನ ಆಫೀಸಿನವರು. ಸೇರಿದ್ದವರೊಬ್ಬರು ಬೇರೆ ಕೋರ್ಸಿಗೆ ಹೋಗಿದ್ದಾರೆ, ಸೀಟು ಖಾಲಿಯಾಗಿದೆ, ನಾಳೆ ಸಂಜೆಯೊಳಗೆ ಮೂಲ ದಾಖಲೆಗಳೊಂದಿಗೆ ಬರಬೇಕು. ನಾನು "ಬರ್ತೀನಿ ಸರ್" ಎಂದದ್ದೇ ಕಣ್ಣು ತುಂಬಿತು. ಒರೆಸಿಕೊಳ್ಳಲು ಹೋದರೆ ಅತ್ತೆ ಕೈ ಹಿಡಿದು, "ಸೊಪ್ಪಿನ ಕೈ ಕಣ್ಣಿಗೆ ಆಕ್ಬೇಡ ಕಣೇ, ಉರಿಯುತ್ತೆ!" ಎಂದು ತಮ್ಮ ಸೆರಗಿನಲ್ಲಿ ಒರೆಸಿದರು. ಆಳುಗಳೆಲ್ಲ ನಗುತ್ತಿದ್ದರು. ಗಂಡ ಎದ್ದು ಹೋಗಿ ಬೀರು ತೆಗೆದು ನನ್ನ ಅಂಕಪಟ್ಟಿ ಹುಡುಕತೊಡಗಿದರು.

ಹಾಸ್ಟೆಲ್ಲಿನ ಮೊದಲ ತಿಂಗಳುಗಳು ಸುಲಭವಾಗಿರಲಿಲ್ಲ. ಜೊತೆಯವರೆಲ್ಲ ನನಗಿಂತ ಚಿಕ್ಕವರು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಆದರೆ ಆ ಮುಖ್ಯಸ್ಥೆ ಕಲಿಸುವ ರೀತಿಯನ್ನು ನಾನು ಮರೆಯಲಾರೆ. ಆಮ್ಲಜನಕದ ಪಾಠದ ದಿನ ಅವರು ಪುಸ್ತಕ ಮುಚ್ಚಿ, "ಎಲ್ಲರೂ ಉಸಿರು ಹಿಡಿಯಿರಿ, ಆಗೋದೇ ಇಲ್ಲ ಅನ್ನೋವರೆಗೂ" ಎಂದರು. ಹಿಡಿದೆವು. ಒಬ್ಬೊಬ್ಬರೇ ಸೋತು ಉಸಿರೆಳೆದುಕೊಂಡೆವು. "ಈಗ ನಿಮಗೆ ಏನಾಯ್ತೋ ಅದು ಮೇಜಿನ ಮೇಲೆ ಮಲಗಿದವರಿಗೂ ಆಗಬಹುದು. ನೀವು ಬಾಯಿ ತೆರೆದು ಉಸಿರೆಳೆದ್ರಿ. ಅವರಿಗೆ ಆಗಲ್ಲ. ಕೈ ಎತ್ತಿ ಹೇಳೋಕೂ ಆಗಲ್ಲ. ಅದಕ್ಕೇ ಬೆಳಿಗ್ಗೆ ಯಂತ್ರ ಪರೀಕ್ಷೆ ಮಾಡದೆ ನನ್ನ ಥಿಯೇಟರಿನೊಳಗೆ ಯಾರೂ ರೋಗೀನ ಕರೆತರಬಾರದು." ಅವರೂ ದಿನಾ ಬೆಳಿಗ್ಗೆ ನಮಗಿಂತ ಮೊದಲೇ ಬಂದು, ನಾವು ಪರೀಕ್ಷೆ ಮಾಡುವುದನ್ನು ಹಿಂದೆ ನಿಂತು ನೋಡುತ್ತಿದ್ದರು. ತಪ್ಪಿದರೆ ಕೂಗಾಡುತ್ತಿರಲಿಲ್ಲ. ಮತ್ತೆ ಮೊದಲಿನಿಂದ ಮಾಡಿಸುತ್ತಿದ್ದರು.

ಅತ್ತೆ ಆಗಾಗ ಬರುತ್ತಿದ್ದರು. ಹುರಿಹಿಟ್ಟು, ಉಪ್ಪಿನಕಾಯಿ, ಕಾಲಕ್ಕೆ ತಕ್ಕಂತೆ ಅವರೆಕಾಯಿ. ಅದರಲ್ಲಿ ಒಂದು ಪಾಲು ಮುಖ್ಯಸ್ಥೆಗೆ. ಅವರು ಬೇಡವೆಂದರೆ, "ನಮ್ ಒಲದ್ದು ಕಣ್ರವ್ವ, ಅಂಗಡೀದಲ್ಲ" ಎಂದು ಮೇಜಿನ ಮೇಲೆ ಇಟ್ಟೇ ಬರುತ್ತಿದ್ದರು. ಸೊಪ್ಪಿನ ಕಾಲದಲ್ಲಿ ಮಾತ್ರ ಬರುತ್ತಿರಲಿಲ್ಲ. ನಾನಿಲ್ಲದೆ ಕಡಿಮೆಯಾದ ಎರಡು ಕೈಗಳ ಕೆಲಸವನ್ನು ಅವರು ಹೇಗೆ ತುಂಬಿಕೊಂಡರೆಂದು ಕೇಳಿದಾಗಲೆಲ್ಲ, "ನೀ ಓದ್ಕೋ" ಎನ್ನುತ್ತಿದ್ದರು. ಗಂಡ ಆ ಕಾಲದಲ್ಲಿ ಮುದ್ದೆ ಕಟ್ಟುವುದನ್ನು ಕಲಿತರೆಂದು ನೆರೆಯವರಿಂದ ತಿಳಿಯಿತು.

ಎರಡನೇ ವರ್ಷದಲ್ಲಿ ಒಂದು ದಿನ ತುರ್ತು ಹೆರಿಗೆಯ ಆಪರೇಷನ್ನಿಗೆ ಒಬ್ಬ ಹೆಂಗಸನ್ನು ಕರೆತಂದರು. ಶುಂಠಿ ಬೆಳೆಯಲು ಬಂದ ಕುಟುಂಬದವಳು, ಮಲಯಾಳ ಬಿಟ್ಟು ಬೇರೆ ಬಾರದು. ಗಾಬರಿಯಿಂದ ಮೈಯೆಲ್ಲ ಬಿಗಿದುಕೊಂಡಿದ್ದಳು. ಬೆನ್ನಿಗೆ ಸೂಜಿ ಹಾಕಲು ಬಗ್ಗಿಸಬೇಕು, ಅವಳಿಗೆ ಹೇಳುವುದು ತಿಳಿಯದು. ನಮ್ಮೂರಿನ ಶುಂಠಿ ಹೊಲಗಳಲ್ಲಿ ಕೇಳಿ ಕಲಿತ ನಾಲ್ಕು ಮಾತು ನನ್ನಲ್ಲಿದ್ದವು. ಅವಳ ಮುಂದೆ ನಿಂತು ಭುಜ ಹಿಡಿದು, "ಪೇಡಿಕ್ಕಂಡ ಚೇಚಿ" ಎಂದೆ. ಹೆದರಬೇಡ ಅಕ್ಕ ಎಂದರ್ಥ. ಅವಳು ತಲೆಯೆತ್ತಿ ನನ್ನನ್ನು ನೋಡಿ, ಹಣೆಯನ್ನು ನನ್ನ ಹೆಗಲಿಗೆ ಒತ್ತಿ, ಬೆನ್ನು ಬಾಗಿಸಿದಳು. ಮುಖ್ಯಸ್ಥೆ ಒಂದೇ ಸಲಕ್ಕೆ ಸೂಜಿ ಹಾಕಿದರು. ಮಗು ಅತ್ತಾಗ ಅವಳು ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಬಳೆ ಇಲ್ಲದ ಮಣಿಕಟ್ಟಿನಲ್ಲಿ ಬೆರಳಿನ ಗುರುತು ಉಳಿದಿತ್ತು. ಕೈ ತೊಳೆಯುವ ಜಾಗದಲ್ಲಿ ಮುಖ್ಯಸ್ಥೆ, "ಆ ಭಾಷೆ ಎಲ್ಲಿ ಕಲಿತೆ?" ಎಂದರು. "ಹೊಲದಲ್ಲಿ ಮೇಡಂ" ಎಂದೆ. "ಇನ್ನೂ ಸ್ವಲ್ಪ ಕಲಿತುಕೋ. ನನಗೂ ಕಲಿಸು" ಎಂದರು. ಹೇಳಿದಂತೆ ಕಲಿತರು ಕೂಡ. ಅಷ್ಟು ವರ್ಷದ ಅನುಭವವಿದ್ದವರು ನನ್ನಿಂದ ಕೇಳಿಕೊಂಡ ಮಾತುಗಳನ್ನು ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡು ಓಡಾಡುತ್ತಿದ್ದರು.

ಕೋರ್ಸು ಮುಗಿದು ಪರೀಕ್ಷೆ ಪಾಸಾದ ಮೇಲೆ ಹುಣಸೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಖಾಲಿಯಿದೆಯೆಂದು ತಿಳಿಯಿತು. ಹೇಳಿದವಳು ಕೋಟೆಯ ಹುಡುಗಿಯೇ. ಅಲ್ಲಿಗೆ ಹೋದಾಗ ಅನಸ್ತೇಷಿಯಾ ಡಾಕ್ಟರು ಸಂದರ್ಶನವೆಂದು ಏನೂ ಕೂರಿಸಿ ಕೇಳಲಿಲ್ಲ. ಒಂದು ಚಿಕ್ಕ ಆಪರೇಷನ್ನಿಗೆ ಎಲ್ಲ ಅಣಿ ಮಾಡಿ ಎಂದು ಹೇಳಿ ಬಾಗಿಲ ಬಳಿ ಕೈಕಟ್ಟಿ ನಿಂತರು. ಯಂತ್ರ, ಸಿಲಿಂಡರು, ಉಸಿರಿನ ನಳಿಕೆ, ಗಂಟಲು ನೋಡುವ ಸಾಧನದ ದೀಪ ಉರಿಯುತ್ತದೆಯೇ, ಕಫ ಎಳೆಯುವ ಸಕ್ಷನ್ ಓಡುತ್ತದೆಯೇ, ಔಷಧಿಗಳ ಮೇಲೆ ಹೆಸರು ಅಂಟಿಸಿದೆಯೇ. ಕೈ ತಾನಾಗಿ ನಡೆಯಿತು. ಹಿಂದೆ ಯಾರೋ ನಿಂತು ನೋಡುವುದು ನನಗೆ ಹೊಸದಾಗಿರಲಿಲ್ಲ.

"ಯಾವ ಕಾಲೇಜು?" ಎಂದರು ಡಾಕ್ಟರು. ಹೇಳಿದೆ. "ಹಾಗೇ ಅಂದುಕೊಂಡೆ. ನಾಳೆಯಿಂದಲೇ ಬನ್ನಿ."

ಹೊರಗೆ ಬಂದು ಅತ್ತೆಗೆ ಫೋನ್ ಮಾಡಿದೆ. ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಕೇಳಿತು. ಆಮೇಲೆ, "ನಾಳೆ ಮಂಗಳವಾರ ಕಣವ್ವ. ಒಸ ಕೆಲಸ ಮಂಗಳವಾರ ಸುರು ಮಾಡ್ತಾರಾ? ಬುಧವಾರ ಬತ್ತೀನಿ ಅಂತ ಏಳು" ಎಂದರು.

"ನಾಳೆ ಬೆಳಿಗ್ಗೇನೇ ಕೇಸಿದೆಯಂತೆ ಅತ್ತೆ."

"ಯಾರ್ಗೆ?"

"ಯಾರೋ ವಯಸ್ಸಾದ ಹೆಂಗಸಂತೆ. ಕಾಲು ಮುರಿದಿದೆ."

ಅವರು ಯೋಚಿಸಿದರು. "ಅಂಗಾದ್ರೆ ಓಗು. ಆಯಮ್ಮ ಮಂಗಳವಾರ ಬುಧವಾರ ನೋಡ್ಕಂಡು ಬಿದ್ದಿದ್ದಾಳಾ" ಎಂದರು.

ಮಂಗಳವಾರವೇ ಹೋದೆ. ಕಂಪಲಾಪುರದವರೆಗೆ ಬೈಕಿನಲ್ಲಿ ಗಂಡ ಬಿಟ್ಟರು. ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಂತು, ಬುತ್ತಿಯನ್ನು ನನ್ನ ಚೀಲದೊಳಗೆ ತುರುಕಿ, ಸೊಪ್ಪಿನ ಹೊಲಕ್ಕೆ ಹೊತ್ತಾಯಿತೆಂದು ಒಳಗೆ ಹೋದರು.